ಮಳೆಗೆ ನಕ್ಷತ್ರವಿದೆ, ಮುಪ್ಪಿಗಿಲ್ಲ

ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತಯಾರಿ ನಡೆಯುವುದು ಬೇಸಿಗೆಯ ಬಿಸಿಲಿನಲ್ಲಿ. ಮೃಗಶಿರಾ ಮಳೆ ಹಿಡಿಯುವುದು ಜೂನ್ 7–8ರ ಸುಮಾರಿಗೆ. ಅಷ್ಟರೊಳಗೆ ಸೌದೆ ಸೀಳಿ, ಒಣಗಿಸಿ ಕೊಟ್ಟಿಗೆಯಲ್ಲಿ ಒಟ್ಟಬೇಕು, ಮಾಡಿನ ಹಂಚು ಸರಿಪಡಿಸಬೇಕು, ಇರಚಲು ಹೊಡೆಯುವ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು, ಹಪ್ಪಳ ಸಂಡಿಗೆ ಡಬ್ಬ ಸೇರಬೇಕು, ಹಲಸಿನ ಸೊಳೆ ಉಪ್ಪಿನಲ್ಲಿ ಕೂರಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಪುನರ್ವಸು, ಪುಷ್ಯಗಳು ಹಿಡಿದು ಕೂತ ವಾರಗಳಲ್ಲಿ ಪೇಟೆಗೆ ಹೋಗಿ ಬರುವುದು ಇಷ್ಟಾನಿಷ್ಟದ ಮಾತಾಗಿ ಉಳಿಯುವುದಿಲ್ಲ; ಹಳ್ಳ ಇಳಿದರೆ ದಾರಿ, ಇಲ್ಲದಿದ್ದರೆ ಇಲ್ಲ.

ಈ ತಯಾರಿಗೆ ಎರಡು ಗುಣಗಳಿದ್ದವು. ಅದಕ್ಕೊಂದು ತಾರೀಖಿತ್ತು, ರೋಹಿಣಿ ಕಳೆದರೆ ಮೃಗಶಿರಾ, ಅದು ಕಳೆದರೆ ಆರಿದ್ರಾ ಎಂದು ಪಂಚಾಂಗವೇ ಹೇಳುತ್ತಿತ್ತು. ಜೊತೆಗೆ ಅದರ ಬಹುಪಾಲು ಕೆಲಸ ಮನೆಯ ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಅಡುಗೆ ಒಲೆಗೆ ಯಾವ ಕಟ್ಟಿಗೆ, ಬಚ್ಚಲೊಲೆಗೆ ಯಾವ ಕುಂಟೆ ಎಂಬುದು ಸೌದೆ ಹೊರುವ ಹುಡುಗನಿಗೂ ಗೊತ್ತಿತ್ತು. ಹಾಗೆಂದು ಹಳೆಯ ಮನೆಯನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಉಪ್ಪಿನಕಾಯಿಯ ಹದ, ಬಾಣಂತಿಯ ಪಥ್ಯ, ಮಗುವಿನ ಜ್ವರಕ್ಕೆ ಕೊಟ್ಟ ಕಷಾಯದ ಅಳತೆ ಇವೆಲ್ಲ ಹೆಂಗಸೊಬ್ಬಳ ಲೆಕ್ಕದಲ್ಲೇ ಇರುತ್ತಿದ್ದವು. ಅವಳು ಹಾಸಿಗೆ ಹಿಡಿದ ದಿನ ಮನೆಯೂ ಹಾಸಿಗೆ ಹಿಡಿಯುತ್ತಿತ್ತು. ಅಲ್ಲದೆ ಆ ಮನೆ ಅಣಿಯಾಗುತ್ತಿದ್ದುದು ಪ್ರತಿವರ್ಷ ಬರುವ ಸಂಕಟಕ್ಕೆ ಮಾತ್ರ. ಜೀವಮಾನದಲ್ಲಿ ಒಮ್ಮೆ ಬರುವ ಪಾರ್ಶ್ವವಾಯು, ನಿಧಾನವಾಗಿ ಆವರಿಸುವ ಮರೆವು, ತಾಯಿತಂದೆ ಸತ್ತ ಮೇಲೂ ಆರೈಕೆ ಬೇಡುವ ಮಗು – ಇವುಗಳಿಗೆ ಪಂಚಾಂಗದಲ್ಲಿ ನಕ್ಷತ್ರವಿಲ್ಲ. ಹಾಗಾಗಿ ತಯಾರಿಯೂ ಇರಲಿಲ್ಲ.

ಇಂದಿನ ಮನೆ ಮಳೆಗಾಲದ ತಯಾರಿಯನ್ನು ತಂತಿಗೆ, ನಲ್ಲಿಗೆ, ಫೋನಿಗೆ ಒಪ್ಪಿಸಿದೆ. ಮುಪ್ಪು ಮತ್ತು ರೋಗದ ತಯಾರಿಯನ್ನು ಇನ್ನೂ ಯಾರಿಗೂ ಒಪ್ಪಿಸಿಲ್ಲ. ಒಂದು ಮನೆ ಎಷ್ಟು ಸಿದ್ಧವಾಗಿದೆ ಎಂದು ಅಳೆಯಲು ಕಪಾಟಿನ ದಾಸ್ತಾನು ಎಣಿಸಿದರೆ ಸಾಲದು. ಮನೆಯ ಯಾವುದೇ ಮುಖ್ಯ ಕೆಲಸವನ್ನು ಮಾಡುವ ವ್ಯಕ್ತಿ ನಾಳೆ ಬೆಳಿಗ್ಗೆ ಏಳದೇ ಹೋದರೆ ಆ ಕೆಲಸವನ್ನು ಇನ್ನೊಬ್ಬರು ತಪ್ಪಿಲ್ಲದೆ ಮಾಡಬಲ್ಲರೇ ಎಂದು ಕೇಳಿ ನೋಡಬೇಕು. ಒಲೆಯಿಂದ ಹಿಡಿದು ಹಾಸಿಗೆ ಹಿಡಿದವರ ಆರೈಕೆಯವರೆಗೆ ಈ ಒಂದು ಪ್ರಶ್ನೆ ಸಾಗುತ್ತದೆ.

ಕರ್ನಾಟಕದಲ್ಲಿ ಮನೆ ಬೆಚ್ಚಗಿಡುವುದು ಎಂದರೆ ಹೆಚ್ಚಾಗಿ ನೀರು ಕಾಯಿಸುವುದು. ಕೊಡಗು, ಚಿಕ್ಕಮಗಳೂರಿನ ಎತ್ತರದ ಕಡೆ ಅಗ್ಗಿಷ್ಟಿಕೆ ಉಂಟು, ಉಳಿದ ಕಡೆ ಕೋಣೆ ಕಾಯಿಸುವ ಪದ್ಧತಿಯಿಲ್ಲ. ಹಂಡೆ ಕಾದರೆ ಮನೆ ಬೆಚ್ಚಗಾದಂತೆ. ಹಸಿ ಸೌದೆಯ ಸಮಸ್ಯೆ ಬರೀ ಹೊಗೆಯದಲ್ಲ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಬೆಂಕಿಯ ಶಾಖ ಮೊದಲು ಆ ನೀರನ್ನು ಆವಿಯಾಗಿಸಬೇಕು, ಉಳಿದದ್ದು ಹಂಡೆಗೆ. ಸೀಳಿದ ಸೌದೆ ಕೆಲವು ತಿಂಗಳು ಗಾಳಿ ಬಿಸಿಲಿಗೆ ಬಿದ್ದು ತೇವಾಂಶ ಶೇ 20ಕ್ಕಿಂತ ಕೆಳಗಿಳಿದಾಗ ಅದು ಚೆನ್ನಾಗಿ ಉರಿಯುತ್ತದೆ. ಮೇ ಕೊನೆಯಲ್ಲಿ ಮೋಡ ಕಂಡ ಮೇಲೆ ಕೊಡಲಿ ಹಿಡಿದರೆ ಆಷಾಢವಿಡೀ ಊದುಕೊಳವೆ ಕೆಳಗಿಡುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಹೊರಬಂದ ಅಸ್ತ್ರ ಒಲೆ ಕಟ್ಟಿಗೆಯನ್ನೂ ಉಳಿಸಿತು, ಚಿಮಣಿಯ ಮೂಲಕ ಹೊಗೆಯನ್ನೂ ಹೊರಗಟ್ಟಿತು. ಆದರೆ ಚಿಮಣಿಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಅಡುಗೆಮನೆಗೇ ತಿರುಗಿ ಬರುತ್ತದೆ. ಒಲೆ ಹಾಕಿಸಿಕೊಂಡ ಅತ್ತೆಗೆ ಗೊತ್ತಿದ್ದದ್ದು ಸೊಸೆಗೆ ಗೊತ್ತಿಲ್ಲದಿದ್ದರೆ ಎಂಥ ಒಳ್ಳೆಯ ಒಲೆಯೂ ಕೆಟ್ಟ ಒಲೆಯಾಗುತ್ತದೆ.

ಪೇಟೆಯ ಬಚ್ಚಲಿನ ಅಪಾಯ ಬೇರೆ ಜಾತಿಯದು, ಹೆಚ್ಚು ಘೋರವಾದದ್ದು. ಹಂಡೆಯ ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ. ಗ್ಯಾಸ್ ಗೀಸರಿನ ವಿಷ ಹಾಗಲ್ಲ. ಗಾಳಿ ಸಾಲದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರಿಗೆ ಮೊದಲು ತಲೆ ಭಾರವಾಗುತ್ತದೆ, ಬಳಿಕ ಕಾಲು ಸೋಲುತ್ತದೆ. ಬಾಗಿಲ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ. ಬಚ್ಚಲಲ್ಲಿ ಬಿದ್ದು ಬದುಕಿದ ಕೆಲವರನ್ನು ಮೂರ್ಛೆರೋಗಿಗಳೆಂದು ತಿಳಿದು ಗುಳಿಗೆ ಕೊಟ್ಟದ್ದೂ ಉಂಟು, ಕಾರಣ ಗೋಡೆಯ ಮೇಲೆ ನೇತಾಡುತ್ತಿದ್ದರೂ. ಬೆಂಗಳೂರಿನ ಚಳಿಗಾಲದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ, ಬಹಳ ಸಲ ಬಾಡಿಗೆ ಮನೆಗಳಿಂದ. ಗೀಸರ್ ಹಾಕಿಸಿದವರು ಮಾಲೀಕರು, ಸ್ನಾನ ಮಾಡುವವರು ಬಾಡಿಗೆದಾರರು. ಕಿಟಕಿ ಯಾಕೆ ತೆರೆದಿಡಬೇಕೆಂದು ಒಬ್ಬರು ಹೇಳಿಲ್ಲ, ಇನ್ನೊಬ್ಬರು ಕೇಳಿಲ್ಲ. ಇಂಥಲ್ಲಿ ಎಚ್ಚರಿಕೆಯ ಚೀಟಿ ಅಂಟಿಸುವುದು ಅರ್ಧ ಪರಿಹಾರ. ಗ್ಯಾಸ್ ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವ ಜಾಗಕ್ಕೆ ಸಾಗಿಸಿ ನೀರನ್ನಷ್ಟೇ ಪೈಪಿನಲ್ಲಿ ಒಳಗೆ ತರುವುದೇ ಸರಿಯಾದ ಪರಿಹಾರ. ಕಿಟಕಿ ತೆರೆಯಲು ಮರೆತ ನೆಂಟನನ್ನೂ ಅದು ಕಾಯುತ್ತದೆ. ಚಳಿಗೆ ಕೋಣೆಯೊಳಗೆ ಇದ್ದಿಲ ಕೆಂಡವಿಟ್ಟು ಬಾಗಿಲು ಹಾಕಿ ಮಲಗುವುದಕ್ಕೂ ಇದೇ ಮಾತು, ಇನ್ನೂ ಗಟ್ಟಿಯಾಗಿ.

ವಿದ್ಯುತ್ ಗೀಸರ್, ಬಕೆಟ್ಟಿಗೆ ಇಳಿಬಿಡುವ ರಾಡ್ ಇವುಗಳ ಭಯ ಶಾಕ್. ರಾಡ್ ಹಾಕಿದ ನೀರಿಗೆ ಕೈಯಿಟ್ಟು ಕಾದಿದೆಯೇ ಎಂದು ನೋಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಅರ್ಥಿಂಗ್ ಸರಿಯಾಗಿದ್ದು, ಕರೆಂಟು ಸೋರಿದ ಕೂಡಲೇ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೋರ್ಡಿನಲ್ಲಿ ಕೂತಿದ್ದರೆ ಜೀವ ಉಳಿಯುವ ಸಂಭವ ಬಹಳ ಹೆಚ್ಚು. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕೆಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಸೋಲಾರ್ ಒಳ್ಳೆಯದೇ, ಆದರೆ ಬಿಸಿನೀರು ಹೆಚ್ಚು ಬೇಕಾದ ಮಳೆಗಾಲದಲ್ಲೇ ಅದು ತಣ್ಣಗಿರುತ್ತದೆ. ವಯಸ್ಸಾದವರಿರುವ ಮನೆಗೆ ಇನ್ನೊಂದು ದಾರಿ ಇರಲೇಬೇಕು.

ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ವಿಚಿತ್ರವೊಂದಿದೆ. ಗ್ಯಾಸ್ ಬುಕ್ ಮಾಡುವವನು ಗಂಡ, ಉರಿಸುವವಳು ಹೆಂಡತಿ, ರೆಗ್ಯುಲೇಟರ್ ಕೂರಿಸುವವನು ಸಿಲಿಂಡರ್ ತರುವ ಹುಡುಗ. ಸೋರಿಕೆಯಾದಾಗ ಮನೆಯಲ್ಲಿರುವುದು ಬಹುಶಃ ಅಜ್ಜಿ ಮತ್ತು ಶಾಲೆಯಿಂದ ಬಂದ ಮೊಮ್ಮಗಳು. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಅದಕ್ಕೆ ಬೆರೆಸಿರುವ ಕೆಟ್ಟ ವಾಸನೆ ಬಂದ ಕೂಡಲೇ ಲೈಟು ಹಾಕಬಾರದು, ಹಾಕಿದ್ದರೆ ಆರಿಸಲೂಬಾರದು, ಏಕೆಂದರೆ ಸ್ವಿಚ್ಚಿನ ಕಿಡಿ ಎರಡೂ ಸಲ ಹುಟ್ಟುತ್ತದೆ. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಇಷ್ಟನ್ನು ಹತ್ತು ವರ್ಷದ ಮಗುವಿಗೂ ಎಂಬತ್ತರ ಮುದುಕರಿಗೂ ಒಮ್ಮೆ ಕೈಯಾರೆ ಮಾಡಿಸಿ ತೋರಿಸಬೇಕು. ಮಾತಿನಲ್ಲಿ ಹೇಳಿದ್ದು ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ.

ಕರೆಂಟು ಹೋದರೆ ಒಂದು ರಾತ್ರಿ ಕತ್ತಲು ಎಂದಷ್ಟೇ ತಿಳಿದವರ ಮನೆಯಲ್ಲಿ ರೋಗಿಗಳಿಲ್ಲ ಎಂದೇ ಅರ್ಥ. ಗಾಳಿಮಳೆಗೆ ಕಂಬ ಬಿದ್ದು ಮೂರು ನಾಲ್ಕು ದಿನ ವಿದ್ಯುತ್ ಇಲ್ಲದಿರುವುದು ಮಲೆನಾಡಿಗೆ ಹೊಸದಲ್ಲ. ಆಗ ಮನೆಯಲ್ಲಿ ಯಾವ ಯಾವ ಜೀವ ತಂತಿಗೆ ಕಟ್ಟಿಕೊಂಡಿದೆ ಎಂದು ಮೊದಲೇ ಎಣಿಸಿರಬೇಕು. ಆಕ್ಸಿಜನ್ ಕಾನ್ಸೆಂಟ್ರೇಟರ್ ನಿಂತರೆ ನಿಮಿಷಗಳ ಲೆಕ್ಕ. ತುಂಬಿದ ಸಿಲಿಂಡರೊಂದು ಪಕ್ಕದಲ್ಲಿರಬೇಕು, ಅದನ್ನು ಜೋಡಿಸುವುದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಬೇಕು. ಹಾಸಿಗೆ ಹುಣ್ಣಾಗದಂತೆ ಹಾಕಿದ ಏರ್ ಬೆಡ್ ಗಾಳಿ ಬಿಟ್ಟರೆ ರೋಗಿ ಗಟ್ಟಿ ಹಲಗೆಯ ಮೇಲೆ ಮಲಗಿದಂತೆ. ಇನ್ಸುಲಿನ್ ಬಗ್ಗೆ ಮಾತ್ರ ಭಯ ಅಗತ್ಯಕ್ಕಿಂತ ಹೆಚ್ಚು. ತೆರೆದು ಬಳಸುತ್ತಿರುವ ಸೀಸೆ ಬಿಸಿಲಿಗೆ ಬೀಳದಿದ್ದರೆ, ತಂಪು ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಸಣ್ಣ ಪಾತ್ರೆಯಲ್ಲಿಟ್ಟರೆ ಬೇಸಿಗೆಯಲ್ಲೂ ನಡೆಯುತ್ತದೆ.

ಆಸ್ಪತ್ರೆಗೆ ಹೋಗುವ ದಾರಿಯೂ ಮನೆಯ ತಯಾರಿಗೆ ಸೇರಿದ್ದು. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರಿಂದ ಇದೆ, ಎಲ್ಲ ತುರ್ತಿಗೂ 112 ಇದೆ. ಆದರೆ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯ ಕಲ್ಲಿನ ಮೇಲೆ ಮಾತ್ರ ಎಂಬ ಊರುಗಳು ಇಂದಿಗೂ ಇವೆ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಲೆಕ್ಕ ಹಿಡಿಯುವುದು ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಬಾಯಿ ಒಂದು ಕಡೆಗೆ ಎಳೆಯುವುದು, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು ಇವನ್ನು ಕಂಡವರು ಮೊದಲು ಗಡಿಯಾರ ನೋಡಬೇಕು. ಸಿಟಿ ಸ್ಕ್ಯಾನ್ ಇಲ್ಲದ ಹತ್ತಿರದ ನರ್ಸಿಂಗ್ ಹೋಮಿಗೆ ಓಡಿ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಎಂದು ಅಲೆಯುವುದರಲ್ಲೇ ಆ ಹೊತ್ತು ಕಳೆದುಹೋಗುತ್ತದೆ. ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸ್ಕ್ಯಾನ್ ಸಿಗುತ್ತದೆ ಎಂದು ವಿಚಾರಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ಐದು ನಿಮಿಷ ಸಾಕು. ಅದರ ಜೊತೆಗೆ ಔಷಧಿಗಳ ಪಟ್ಟಿಯೂ ಇರಲಿ, ವಿಶೇಷವಾಗಿ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರದ್ದು. ‘ಬಿಳಿ ಗುಳಿಗೆ ಎರಡು, ಕೆಂಪು ಒಂದು’ ಎಂಬ ಉತ್ತರದಿಂದ ಯಾವ ವೈದ್ಯರಿಗೂ ಉಪಯೋಗವಿಲ್ಲ.

ಇಲ್ಲಿಯವರೆಗಿನ ಮಾತು ಹೇಳಲು ಸುಲಭ, ಕೇಳಲೂ ಸುಲಭ. ಮುಂದಿನದ್ದಕ್ಕೆ ಬಂದಾಗ ಮನೆಯ ಹಿರಿಯರು ‘ಬಿಡ್ತು ಅನ್ನು’ ಎನ್ನುತ್ತಾರೆ. ತಂದೆಗೆ ನೆನಪು ಹೋದರೆ, ತಾಯಿ ಹಾಸಿಗೆ ಹಿಡಿದರೆ ಎಂದು ಆಡಿದ ಮಾತೇ ಅದನ್ನು ಕರೆಯುತ್ತದೆ ಎಂಬ ಅಳುಕು ಅದು. ಈ ಅಳುಕನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅವಸರದ ಮಾತು. ಆಸ್ತಿಯ ಆಸೆಯಿಂದ ಇಂಥ ಮಾತೆತ್ತುವ ಮಕ್ಕಳನ್ನು ಹಿರಿಯರು ಕಂಡಿದ್ದಾರೆ, ಅವರ ಅನುಮಾನಕ್ಕೆ ಅನುಭವದ ಬಲವಿದೆ. ಆದ್ದರಿಂದ ಮಾತೆತ್ತಬೇಕಾದವರು ಮಕ್ಕಳಿಗಿಂತ ಹೆತ್ತವರೇ. ಅರವತ್ತರ ಹೊತ್ತಿಗೆ, ಕೈಕಾಲು ಗಟ್ಟಿಯಿರುವಾಗಲೇ, ‘ನನಗೆ ಹೀಗಾದರೆ ಹೀಗೆ ಮಾಡಿ’ ಎಂದು ಅವರು ಹೇಳಿಟ್ಟರೆ ಮಕ್ಕಳು ಬಾಯಿ ತೆರೆಯುವ ಸಂಕಟ ತಪ್ಪುತ್ತದೆ.

ಕಾಗದಪತ್ರದ ತಯಾರಿಯನ್ನು ಕೊಡಗು 2018ರ ಆಗಸ್ಟಿನಲ್ಲಿ ಕಲಿಸಿತು. ಗುಡ್ಡ ಜಾರಿ ಬಂದಾಗ ಉಟ್ಟ ಬಟ್ಟೆಯಲ್ಲಿ ಹೊರಬಂದವರಿಗೆ ಪರಿಹಾರ ಪಡೆಯಲು ಬೇಕಾದ ಪತ್ರಗಳೆಲ್ಲ ಮಣ್ಣಿನಡಿ ಇದ್ದವು. 2015ರಿಂದ ಇರುವ ಡಿಜಿಲಾಕರ್ ಕೆಲವನ್ನು ಕಾಪಾಡುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಾಗಿಲ ಹತ್ತಿರವಿಟ್ಟ ಕಡತ ಉಳಿದವನ್ನು. ಇದು ಕಾಗದ ಕಳೆಯುವ ತೊಂದರೆ. ಕಾಗದ ಇದ್ದೂ ಕೆಲಸಕ್ಕೆ ಬಾರದಿರುವ ತೊಂದರೆ ಇದಕ್ಕಿಂತ ಗಹನ.

ತಂದೆಯಿಂದ ಜಿಪಿಎ, ಎಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆಸಿಕೊಂಡಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ನಂಬಿದ ಮನೆಗಳು ಬಹಳ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರು ಸತ್ತರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಎಂದರೆ ಅದು ಬೇಕಾಗುವ ಹೊತ್ತಿಗೇ ಅದು ಇಲ್ಲವಾಗುತ್ತದೆ. ತಂದೆ ಕೋಮಾದಲ್ಲಿ ಮಲಗಿದ್ದರೆ ಅವರ ಹಣದಿಂದ ಅವರ ಆಸ್ಪತ್ರೆ ಬಿಲ್ಲು ಕಟ್ಟಲು ಮಕ್ಕಳು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಪಾಲಕತ್ವ ಕೇಳಬೇಕಾಗಿ ಬಂದ ಪ್ರಸಂಗಗಳಿವೆ. ಶಾಸನಸಭೆಗಳು ತುಂಬಬೇಕಾದ ಬಿರುಕು ಇದು. ಅಲ್ಲಿಯವರೆಗೆ ಮನೆಯವರ ಕೈಯಲ್ಲಿರುವುದು ಸಣ್ಣ ಉಪಾಯ. ಆರೈಕೆಗೆಂದು ತೆಗೆದಿಟ್ಟ ಹಣವನ್ನು ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆಯಲ್ಲಿಡಬೇಕು, ಪಿಂಚಣಿ ಎಲ್ಲಿಗೆ ಬೀಳುತ್ತದೆ, ವಿಮೆಯ ಕಂತು ಎಲ್ಲಿಂದ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಡಬೇಕು. ನಾಮಿನಿ ಎಂದರೆ ವಾರಸುದಾರ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬ್ಯಾಂಕು ಯಾರ ಕೈಗೆ ಹಣ ಕೊಡಬೇಕೆಂಬುದನ್ನಷ್ಟೇ ನಾಮಿನಿಯ ಹೆಸರು ಹೇಳುತ್ತದೆ, ಹಣ ಯಾರದ್ದಾಗಬೇಕೆಂಬುದನ್ನು ಉಯಿಲು ಅಥವಾ ವಾರಸಾ ಕಾನೂನು ಹೇಳುತ್ತದೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳಿರಬೇಕು.

ಬದುಕಿರುವಾಗಲೇ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡುವವರು ಇನ್ನೂ ಹುಷಾರಾಗಿರಬೇಕು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಸೆಕ್ಷನ್, ಮಗ ನೋಡಿಕೊಳ್ಳದಿದ್ದರೆ, ಅಂಥ ದಾನವನ್ನು ರದ್ದು ಮಾಡಲು ಅವಕಾಶ ಕೊಡುತ್ತದೆ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬಹುದು. ಆದರೆ ‘ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲೇ ಬರೆದಿದ್ದರೆ ಕೈ ಬಲವಾಗುತ್ತದೆ, ಬರೆಯದಿದ್ದರೆ ವಾದಕ್ಕೆ ದಾರಿಯಾಗುತ್ತದೆ. ಷರತ್ತು ಬರೆಸುವುದು ಮಗನ ಮೇಲಿನ ಅಪನಂಬಿಕೆ ಎಂದು ಸಂಕೋಚಪಡಬೇಕಿಲ್ಲ. ಒಳ್ಳೆಯ ಮಗನಿಗೆ ಅದು ಭಾರವಲ್ಲ.

ಆರೈಕೆಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ ಒಂದಿದೆ. ಹಿಂದೆ ಅವಿಭಕ್ತ ಕುಟುಂಬಗಳು ಇದನ್ನೆಲ್ಲ ಯಾವ ಪಟ್ಟಿಯೂ ಇಲ್ಲದೆ ನಿಭಾಯಿಸುತ್ತಿದ್ದವಲ್ಲ ಎಂದು. ನಿಭಾಯಿಸುತ್ತಿದ್ದವು, ನಿಜ, ಯಾರು ನಿಭಾಯಿಸುತ್ತಿದ್ದರು ಎಂದು ಕೇಳಿದರೆ ಉತ್ತರ ಬಹುಪಾಲು ಒಬ್ಬ ಸೊಸೆ ಅಥವಾ ಮದುವೆಯಾಗದ ಇಲ್ಲವೇ ಗಂಡ ಸತ್ತ ಮಗಳು. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಾಲದ್ದು. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು 32ರ ಆಸುಪಾಸಿನಲ್ಲಿತ್ತು, ಈಗ 70ರ ಸುತ್ತಮುತ್ತ. ಹಳೆಯ ಸರಾಸರಿಯನ್ನು ಎಳೆದು ಇಳಿಸಿದ್ದು ಹೆಚ್ಚಾಗಿ ಮಕ್ಕಳ ಸಾವು ಎಂಬುದೂ ಸರಿ. ಆದರೂ ಹಾಸಿಗೆ ಹಿಡಿದ ಮುದುಕರು ಸೋಂಕಿಗೋ ನ್ಯುಮೋನಿಯಾಕ್ಕೋ ವಾರಗಳಲ್ಲಿ ಹೋಗಿಬಿಡುತ್ತಿದ್ದ ಕಾಲ ಅದು. ಈಗ ಅದೇ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುತ್ತಾರೆ. ಕೆಲವು ವಾರಕ್ಕೆ ಸಾಕಾಗುತ್ತಿದ್ದ ಹಳೆಯ ಏರ್ಪಾಡು ಹತ್ತು ವರ್ಷಕ್ಕೆ ಸಾಲದು. ಇತ್ತ ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡದ ಎಷ್ಟೋ ತೋಟದ ಮನೆಗಳಲ್ಲಿ ಉಳಿದಿರುವವರು ಇಬ್ಬರೇ ಮುದುಕರು. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಎಪ್ಪತ್ತೆಂಟರ ಹೆಂಡತಿ ಎಂಬತ್ತೈದರ ಗಂಡನನ್ನು ಎತ್ತಿ ಕೂರಿಸಬೇಕು.

ಆರೈಕೆಗೆ ಮೊದಲ ಅಡ್ಡಿ ಮನೆಯ ಕಟ್ಟಡವೇ. ಹಳೆಯ ಮನೆಗಳ ಎತ್ತರದ ಹೊಸ್ತಿಲು, ಅಂಗಳದಾಚೆಯ ಬಚ್ಚಲು, ಪಾಚಿ ಕಟ್ಟಿದ ಮೆಟ್ಟಿಲು, ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಇವು ಮುಪ್ಪನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ. ಸೊಂಟದ ಮೂಳೆ ಮುರಿದ ಮೇಲೆ ಕಮೋಡ್ ಹಾಕಿಸುವುದು ನಮ್ಮಲ್ಲಿ ರೂಢಿ, ಮುರಿಯುವ ಮೊದಲು ಹಾಕಿಸಿದರೆ ಮುರಿಯದೇ ಇರಬಹುದಿತ್ತು. ಗೋಡೆಗೆ ಹಿಡಿಕೆ, ರಾತ್ರಿಗೊಂದು ಸಣ್ಣ ದೀಪ, ಹೊರಗಿನಿಂದಲೂ ತೆಗೆಯಬಹುದಾದ ಬಚ್ಚಲ ಚಿಲಕ – ಎಲ್ಲ ಸೇರಿ ಒಂದು ದಿನದ ಆಸ್ಪತ್ರೆ ಖರ್ಚಿಗಿಂತ ಕಡಿಮೆ.

ಹಾಸಿಗೆ ಹಿಡಿದವರ ಆರೈಕೆ ಪ್ರೀತಿಯಿಂದಷ್ಟೇ ಆಗುವ ಕೆಲಸವಲ್ಲ, ಅದಕ್ಕೆ ಕೈಕಸುಬು ಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣು ಬೀಳುತ್ತದೆ. ಕೆಂಪಾದ ಜಾಗವನ್ನು ತಿಕ್ಕಿ ಮಾಲೀಷು ಮಾಡುವುದು ಹಳೆಯ ತಪ್ಪು. ಮಲಗಿದಲ್ಲೇ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು. ಕೂರಿಸಿ ತಿನ್ನಿಸಬೇಕು, ಆಮೇಲೂ ಅರ್ಧ ಗಂಟೆ ತಲೆ ಎತ್ತರದಲ್ಲಿರಬೇಕು. ಎತ್ತುವವರ ಬೆನ್ನು ಉಳಿಯಲು ಎತ್ತುವ ವಿಧಾನವನ್ನು ಕಲಿಯಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ನರ್ಸಮ್ಮನ ಪಕ್ಕದಲ್ಲಿ ನಿಂತು ಇಬ್ಬರು ಇದನ್ನು ಕಲಿತುಕೊಂಡು ಬರಬೇಕು, ಅವರಲ್ಲಿ ಒಬ್ಬರಾದರೂ ಗಂಡಸಾಗಿರಬೇಕು.

ಮರೆವಿನ ಕಾಯಿಲೆಯ ಆರೈಕೆ ಇದಕ್ಕಿಂತ ಕಠಿಣ, ಏಕೆಂದರೆ ರೋಗಿ ಓಡಾಡುತ್ತಿರುತ್ತಾರೆ. ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಇದೆ. ‘ವಯಸ್ಸಾಯಿತು, ಅರಳುಮರಳು’ ಎಂದು ವರ್ಷಗಟ್ಟಲೆ ತಳ್ಳಿ, ಒಂದು ಸಂಜೆ ಮನೆಯ ದಾರಿ ತಪ್ಪಿದಾಗಲೇ ವೈದ್ಯರ ಬಳಿ ಹೋಗುವುದು ವಾಡಿಕೆ. ಉಯಿಲಿಗೆ, ಬ್ಯಾಂಕಿನ ಕೆಲಸಕ್ಕೆ ಸಹಿ ಮಾಡುವ ಸಾಮರ್ಥ್ಯ ಉಳಿದಿರುವುದು ಆ ತಳ್ಳಿಹಾಕಿದ ವರ್ಷಗಳಲ್ಲೇ. ರೋಗ ಗುರುತಾದ ಮೇಲೆ ಮನೆಯ ಗ್ಯಾಸಿನ ನಾಬು, ಬಾವಿಯ ಕಟ್ಟೆ, ಹೊರಬಾಗಿಲ ಅಗುಳಿ ಎಲ್ಲವನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಜೇಬಿನಲ್ಲಿ ಹೆಸರು ಮತ್ತು ಫೋನ್ ನಂಬರಿನ ಚೀಟಿ ಇರಬೇಕು. ‘ನನ್ನ ಸರ ಕದ್ದಿದ್ದೀಯ’ ಎಂದು ಅತ್ತೆ ಸೊಸೆಯನ್ನು ದೂರುವುದು ಈ ಕಾಯಿಲೆಯ ಲಕ್ಷಣಗಳಲ್ಲೊಂದು. ಅದು ಗೊತ್ತಿಲ್ಲದ ಮನೆಯಲ್ಲಿ ದಿನವಿಡೀ ಆರೈಕೆ ಮಾಡುವವಳೇ ಕಳ್ಳಿಯಾಗುತ್ತಾಳೆ, ಭಾನುವಾರ ಹಣ್ಣು ತಂದ ಮಗಳು ಆ ದೂರನ್ನು ನಂಬುತ್ತಾಳೆ. ಆದ್ದರಿಂದ ದೂರದಲ್ಲಿರುವವರಿಗೂ ರೋಗದ ತಿಳಿವಳಿಕೆ ಸಮನಾಗಿ ಸಿಗಬೇಕು.

ಬೌದ್ಧಿಕ ಅಂಗವೈಕಲ್ಯವಿರುವ ಮಗುವಿನ ಹೆತ್ತವರಿಗೆ ಪ್ರಶ್ನೆ ತಿರುವುಮುರುವಾಗಿದೆ: ತಾವು ಹೋದ ಮೇಲೆ ಯಾರು? ಮಗುವಿಗೆ 18 ತುಂಬಿದಾಗ ಹೆತ್ತವರು ಕಾನೂನಿನ ಕಣ್ಣಿನಲ್ಲಿ ತಾವಾಗಿಯೇ ಪಾಲಕರಾಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ. ಆದರೆ ಪಾಲಕತ್ವದ ಆದೇಶ ಆ ಹುಡುಗ ಸಾರು ಹೇಗಿದ್ದರೆ ತಿನ್ನುತ್ತಾನೆ, ಯಾವ ಸದ್ದಿಗೆ ಹೆದರುತ್ತಾನೆ ಎಂದು ಹೇಳುವುದಿಲ್ಲ. ಅದು ತಾಯಿಗೆ ಮಾತ್ರ ಗೊತ್ತು, ಅವಳು ಬರೆದಿಟ್ಟಿಲ್ಲದಿದ್ದರೆ ಅವಳೊಂದಿಗೇ ಹೋಗುತ್ತದೆ. ಚಿಕ್ಕಪ್ಪನ ಮನೆಯಲ್ಲಿ ವರ್ಷಕ್ಕೆ ಕೆಲವು ದಿನ ಬಿಟ್ಟು ಅಭ್ಯಾಸ ಮಾಡಿಸುವುದು ಹೃದಯ ಗಟ್ಟಿ ಮಾಡಿಕೊಂಡು ಮಾಡಬೇಕಾದ ಕೆಲಸ.

ಕೊನೆಯ ಕಾಯಿಲೆಯಲ್ಲಿ ಏನು ಬೇಕು, ಏನು ಬೇಡ ಎಂಬುದನ್ನು ರೋಗಿಯೇ ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಒಪ್ಪಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇಂಥ ಪತ್ರವಿಲ್ಲದ ಮನೆಯಲ್ಲಿ ವೆಂಟಿಲೇಟರಿನ ನಿರ್ಧಾರ ಐಸಿಯು ಬಾಗಿಲಲ್ಲಿ ನಿಂತ ಮಗನ ಮೇಲೆ ಬೀಳುತ್ತದೆ. ಬೇಡ ಎಂದರೆ ಅಣ್ಣತಮ್ಮಂದಿರ ಬಾಯಿಗೆ ಬೀಳುತ್ತಾನೆ, ಬೇಕು ಎಂದರೆ ಸಾಲಕ್ಕೆ. ನೋವು ಶಮನದ ಆರೈಕೆಯನ್ನೂ ತಡವಾಗಿ ನೆನೆಯುತ್ತೇವೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಅಂಥ ಕಡೆ ಕೊನೆಯ ವಾರ ಹೋಗುವುದಕ್ಕಿಂತ ನೋವು ಶುರುವಾದಾಗಲೇ ಹೋಗಿ ಕೇಳುವುದು ಒಳ್ಳೆಯದು.

ಉಳಿದದ್ದು ಆರೈಕೆ ಮಾಡುವವರ ಆರೈಕೆ. ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟವರು ರೇಗುವುದು, ಅತ್ತು ಕೂರುವುದು, ರೋಗಿ ಸಾಯಲಿ ಎಂದು ಒಳಗೊಳಗೇ ಬಯಸಿ ಆಮೇಲೆ ಹಿಂಸೆಪಡುವುದು ಎಲ್ಲವೂ ಸಹಜ. ಇದನ್ನು ಹೇಳಿಕೊಳ್ಳಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಹಿರಿಯರ ವಿಷಯಕ್ಕೆ 14567 ಇದೆ. ಫೋನಿಗಿಂತ ಹೆಚ್ಚು ಬೇಕಾದದ್ದು ವಾರಕ್ಕೊಂದು ಪೂರ್ತಿ ದಿನದ ಬಿಡುವು. ಒಡಹುಟ್ಟಿದವರಲ್ಲಿ ಹಣ ಕಳಿಸುವವರು, ಕೈಯಿಂದ ಮಾಡುವವರು, ಫೋನಿನಲ್ಲಿ ಸಲಹೆ ಕೊಡುವವರು ಎಂದು ತಾವಾಗಿಯೇ ಪಾಲಾಗಿಬಿಡುತ್ತದೆ. ಮೂರನೆಯವರೇ ಹೆಚ್ಚು ಮಾತಾಡುತ್ತಾರೆ. ಕಾಯಿಲೆ ಗುರುತಾದ ಮೊದಲ ತಿಂಗಳಲ್ಲೇ ಎಲ್ಲರೂ ಕೂತು ಯಾರು ಎಷ್ಟು ಹಣ, ಯಾರು ಯಾವ ತಿಂಗಳು, ಮನೆಯಲ್ಲಿದ್ದು ನೋಡಿಕೊಳ್ಳುವವರು ಬಿಟ್ಟ ಸಂಬಳಕ್ಕೆ ಏನು ಎಂದು ಬರೆದುಕೊಳ್ಳಬೇಕು. ರಜೆಗೆಂದು ಬಂದ ಮಗ ರಜೆಯ ಒಂದು ವಾರ ರೋಗಿಯ ಕೋಣೆಯಲ್ಲಿ ಒಬ್ಬನೇ ಮಲಗಬೇಕು. ಹೋಮ್ ನರ್ಸ್ ಇಟ್ಟುಕೊಂಡರೆ ಅವರ ಊಟ, ನಿದ್ದೆಯ ಹೊತ್ತು, ರಜೆ ಮೊದಲೇ ಗೊತ್ತಾಗಿರಬೇಕು. ಹಗಲೂ ರಾತ್ರಿಯೂ ಒಬ್ಬರೇ ಎಚ್ಚರವಿರಲು ಸಂಬಳ ಕೊಟ್ಟರೂ ಸಾಧ್ಯವಿಲ್ಲ. ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇರಬೇಕು. ಎಷ್ಟು ಹೊತ್ತಿಗೆ ಮಗ್ಗುಲು ಬದಲಾಯಿತು, ಎಷ್ಟು ಉಂಡರು, ಮೂತ್ರ ಆಯಿತೇ, ಯಾವ ಗುಳಿಗೆ ಬಿಟ್ಟುಹೋಯಿತು ಎಂದು ಅದರಲ್ಲಿ ಬರೆಯುವ ಸರದಿ ಎಲ್ಲರದ್ದು, ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಇಳಿದ ತಮ್ಮನದ್ದೂ ಸೇರಿ.